ಶಿಷ್ಯತ್ವದ ಕರೆ: ಮನಶ್ಶಾಂತಿಯ ದಾರಿ

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ವಲಯಗಳ ಧ್ಯಾನಕೂಟಗಳಿಗೆ ಬರುವವರಲ್ಲಿ ಏನು ಬೇಡಲು ಬಂದಿರಿ ಎಂದು ಕೇಳಿದರೆ ಅನೇಕರ ಉತ್ತರ ಒಂದೇ: ಮನಸ್ಸಿಗೆ ಶಾಂತಿ. ಗಂಡ ಗಲ್ಫಿನಲ್ಲಿ, ಮಕ್ಕಳು ಬೆಂಗಳೂರಿನಲ್ಲಿ, ಅಡಿಕೆ ತೋಟಕ್ಕೆ ಕೊಳೆರೋಗ, ಬ್ಯಾಂಕಿನ ಸಾಲ, ಅಣ್ಣತಮ್ಮಂದಿರಲ್ಲಿ ಆಸ್ತಿ ಪಾಲಿನ ತಕರಾರು. ಇವೆಲ್ಲ ಮುಗಿದ ಮೇಲೆ ಶಾಂತಿ ಬರುತ್ತದೆ ಎಂದು ನಾವು ಕಾಯುತ್ತೇವೆ. ಆದರೆ ಯೇಸುಸ್ವಾಮಿಯನ್ನು ಹಿಂಬಾಲಿಸುವವರಿಗೆ ಆ ದಾರಿಯಲ್ಲೇ ಶಾಂತಿ ದೊರೆಯುತ್ತದೆ ಎಂಬುದು ಶುಭಸಂದೇಶದ ಬೋಧನೆ.

ಕರೆಯ ಅರ್ಥ

ಯೇಸು ಹನ್ನೆರಡು ಮಂದಿಯನ್ನು ಆರಿಸಿಕೊಂಡದ್ದಕ್ಕೆ ಸಂತ ಮಾರ್ಕರು ಎರಡು ಕಾರಣ ಕೊಡುತ್ತಾರೆ (ಮಾರ್ಕ 3:14): ಅವರು ತಮ್ಮ ಸಂಗಡ ಇರಬೇಕು, ಬಳಿಕ ಸಾರಲು ಹೋಗಬೇಕು. ಮೊದಲು ಸಾಂಗತ್ಯ, ಆಮೇಲೆ ಸೇವೆ. ಈ ಕ್ರಮ ತಲೆಕೆಳಗಾದಾಗ ಒಳ್ಳೆಯ ಕೆಲಸವೂ ಮನಸ್ಸನ್ನು ದಣಿಸುತ್ತದೆ. ಈ ಕರೆ ಗುರುಗಳಿಗೆ, ಭಗಿನಿಯರಿಗೆ ಮಾತ್ರ ಮೀಸಲಲ್ಲ. ದೀಕ್ಷಾಸ್ನಾನ ಪಡೆದ ಎಲ್ಲರೂ ಪಾವನತೆಗೆ ಕರೆಯಲ್ಪಟ್ಟವರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸ್ಪಷ್ಟಪಡಿಸಿತು.

ನೊಗ ಮತ್ತು ವಿಶ್ರಾಂತಿ

ಬಳಲಿದವರಿಗೆ ವಿಶ್ರಾಂತಿಯ ವಾಗ್ದಾನ ಮಾಡುವ ಯೇಸು, ಅದರ ಜೊತೆಗೇ ತಮ್ಮ ನೊಗಕ್ಕೆ ಹೆಗಲು ಕೊಡಲು ಹೇಳುತ್ತಾರೆ (ಮತ್ತಾಯ 11:28-30). ಕಂಬಳದ ಜೋಡಿ ಕೋಣಗಳನ್ನು ಕಂಡ ನಮಗೆ ನೊಗ ಒಂಟಿ ಹೆಗಲಿನದಲ್ಲ ಎಂದು ಗೊತ್ತು. ಸಾಲ, ಕಾಯಿಲೆ ಮರುದಿನವೂ ಇರುತ್ತವೆ. ಜೊತೆಗೆ ಹೊರುವವರು ಒಬ್ಬರಿದ್ದಾರೆ.

ನಮ್ಮ ಹಿರಿಯರು ಇದನ್ನು ಬಾಳಿ ತೋರಿಸಿದರು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ಯಲಾಯಿತು. 1799ರ ನಂತರ ಬದುಕುಳಿದು ಮರಳಿದವರು ಮನೆ, ಜಮೀನು ಕಳೆದುಕೊಂಡಿದ್ದರೂ ವಿಶ್ವಾಸ ಕಳೆದುಕೊಂಡಿರಲಿಲ್ಲ. ಚರ್ಚುಗಳನ್ನು ಮತ್ತೆ ಕಟ್ಟಿದರು.

ಬೆಥನಿಯ ಮನೆ

ಲೂಕ 10:38-42ರಲ್ಲಿ ಮಾರ್ತಾ ಅಡುಗೆಯ ಗಡಿಬಿಡಿಯಲ್ಲಿ ತಂಗಿಯ ಮೇಲೆ ದೂರು ಹೇಳುತ್ತಾಳೆ. ಮರಿಯಾ ಪ್ರಭುವಿನ ಪಾದದ ಬಳಿ ಕುಳಿತು ಆಲಿಸುತ್ತಾಳೆ. ಯೇಸು ಮಾರ್ತಾಳ ದುಡಿಮೆಯನ್ನು ತೆಗಳಲಿಲ್ಲ, ಅವಳ ಕಳವಳವನ್ನು ತೋರಿಸಿಕೊಟ್ಟರು. ಈ ಮನೆಯ ಹೆಸರನ್ನೇ ತಮ್ಮ ಸಂಸ್ಥೆಗೆ ಇಟ್ಟವರು ದೇವರ ಸೇವಕ ಮೊನ್ಸಿಂಜೊರ್ ರೇಮಂಡ್ ಮಸ್ಕರೇನ್ಹಸ್ (1875-1960). ಬಂಟ್ವಾಳದ ಅಗ್ರಾರ್‌ನಲ್ಲಿ ಸೇವೆ ಸಲ್ಲಿಸಿ, 1914ರಲ್ಲಿ ಮಂಗಳೂರಿನ ಬೆಂದೂರಿಗೆ ಬಂದ ಅವರು, 1921ರ ಜುಲೈ 16ರಂದು ನಾಲ್ವರು ಯುವತಿಯರೊಂದಿಗೆ ಬೆಥನಿ ಭಗಿನಿಯರ ಸಭೆಯನ್ನು ಆರಂಭಿಸಿದರು. ಮಾರ್ತಾಳ ಕೈಗಳೂ ಮರಿಯಾಳ ಕಿವಿಯೂ ಒಂದೇ ಮನೆಯಲ್ಲಿ ಇರಬೇಕೆಂಬುದನ್ನು ಆ ಹೆಸರು ಇಂದಿಗೂ ನಮಗೆ ನೆನಪಿಸುತ್ತದೆ.

ಅಭ್ಯಾಸಕ್ಕೆ ಕೆಲವು ಹೆಜ್ಜೆಗಳು

1. ರಾತ್ರಿ ಜಪಸರದ ನಂತರ ಐದು ನಿಮಿಷ ಮೌನವಾಗಿದ್ದು, ಲೊಯೋಲಾದ ಸಂತ ಇಗ್ನೇಷಿಯಸರು ಕಲಿಸಿದಂತೆ ದಿನವನ್ನು ದೇವರ ಮುಂದೆ ಹಿಂತಿರುಗಿ ನೋಡೋಣ: ಯಾವುದಕ್ಕೆ ಕೃತಜ್ಞತೆ, ಎಲ್ಲಿ ಎಡವಿದೆವು?

2. ಭಾನುವಾರದ ಶುಭಸಂದೇಶವನ್ನು ಶನಿವಾರವೇ ಮನೆಮಂದಿ ಸೇರಿ ಓದೋಣ.

3. ಮುಚ್ಚಿಟ್ಟ ಪಾಪ ಮನಸ್ಸನ್ನು ಕೊರೆಯುತ್ತದೆ. ಪಾಪನಿವೇದನೆಯನ್ನು ಮುಂದೂಡದಿರೋಣ.

4. ಕಾಣಿಕೆ ಅರ್ಪಿಸುವ ಮೊದಲು ಸಹೋದರನೊಡನೆ ರಾಜಿಯಾಗಬೇಕು (ಮತ್ತಾಯ 5:23-24). ಇದೇ ಕಠಿಣ ಹೆಜ್ಜೆ. ಪಾಲಿನ ಜಗಳದಲ್ಲಿ ಮಾತು ಬಿಟ್ಟ ತಮ್ಮನ ಅಂಗಳ ತುಳಿಯದೆ ಎಷ್ಟು ಧ್ಯಾನಕೂಟ ಮಾಡಿದರೂ ಶಾಂತಿ ಅರ್ಧವೇ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಹೊಸ ಅಕ್ಕಿಯ ಊಟಕ್ಕೆ ಅವನ ಮನೆಯವರನ್ನೂ ಕರೆಯೋಣ.

ಒಂದು ಎಚ್ಚರಿಕೆ: ನಿದ್ರೆ ಬಾರದಿರುವುದು, ತೀರದ ಖಿನ್ನತೆ, ಬದುಕೇ ಬೇಡವೆನಿಸುವುದು ವಿಶ್ವಾಸದ ಕೊರತೆಯಲ್ಲ. ಅಂಥವರನ್ನು ವೈದ್ಯರಲ್ಲಿಗೆ ಕರೆದೊಯ್ಯುವುದೂ ಶಿಷ್ಯರ ಕರ್ತವ್ಯ. ಪ್ರಾರ್ಥನೆಯ ಜೊತೆಗೆ ಔಷಧಿಯೂ ಬೇಕು.

ಯೇಸು ತಮ್ಮ ಶಾಂತಿಯನ್ನು ಶಿಷ್ಯರಿಗೆ ಬಿಟ್ಟುಕೊಟ್ಟದ್ದು ಶಿಲುಬೆಯ ಮುನ್ನಾ ರಾತ್ರಿ (ಯೊವಾನ್ನ 14:27). ಕಷ್ಟದ ನಡುವೆ ಕೊಟ್ಟ ಶಾಂತಿ ಕಷ್ಟದ ನಡುವೆಯೂ ಉಳಿಯುತ್ತದೆ. ಅದು ನಮ್ಮ ಮನೆಗಳಲ್ಲಿ ನೆಲೆಸಲಿ.