ಖೊನೊಮಾದ ಬಾಗಿಲು

ನಾಗಾಲ್ಯಾಂಡಿಗೆ ಹೋಗ್ಬೇಕು ಅಂದ್ರೆ ನಮ್ಮಂಥವರು ಮೊದಲು ಇನ್ನರ್ ಲೈನ್ ಪರ್ಮಿಟ್ ಮಾಡಿಸ್ಬೇಕು. ನಮ್ಮ ದೇಶದೊಳಗೇ ಓಡಾಡೋಕೆ ಇದೆಂಥಾ ಪರ್ಮಿಟ್ಟು ಅಂತ ಆಫೀಸಿನಲ್ಲಿ ಸುಮಾರು ಜನ ಕೇಳ್ತಾರೆ. ಕೇಳೋದು ನ್ಯಾಯವೇ. ಉತ್ತರ ಮಾತ್ರ ನೂರೈವತ್ತು ವರ್ಷ ಹಿಂದಿದೆ.

1873ರಲ್ಲಿ ಬ್ರಿಟಿಷರು ಬೆಂಗಾಲ್ ಈಸ್ಟರ್ನ್ ಫ್ರಾಂಟಿಯರ್ ರೆಗ್ಯುಲೇಷನ್ ಅನ್ನೋ ಕಾನೂನು ತಂದರು. ಅಸ್ಸಾಮಿನ ಚಹಾ ತೋಟಗಳು ಬೆಟ್ಟದ ಬುಡದವರೆಗೂ ಹಬ್ಬಿದ್ದವು. ತೋಟದವರಿಗೂ ವ್ಯಾಪಾರಿಗಳಿಗೂ ಬೆಟ್ಟದ ಜನರಿಗೂ ದಿನಾ ತಕರಾರು. ಅದಕ್ಕೆ ಒಂದು ಗೆರೆ ಎಳೆದರು. ಪಾಸಿಲ್ಲದೆ ಗೆರೆ ದಾಟಬಾರದು, ಅನುಮತಿಯಿಲ್ಲದೆ ಹೊರಗಿನವರು ಅದರಾಚೆ ಜಮೀನು ಮಾಡಬಾರದು. ಬೆಟ್ಟದವರ ಮೇಲಿನ ಪ್ರೀತಿಗೆ ಮಾಡಿದ್ದಲ್ಲ ಇದು. ತೋಟದ ಲಾಭಕ್ಕೆ ತೊಂದರೆ ಬೇಡ ಅಂತ ಮಾಡಿದ್ದು.

ಗೆರೆ ಎಳೆದವರು ತಾವು ಮಾತ್ರ ಅದನ್ನು ದಾಟಿ ಬೆಟ್ಟ ಹತ್ತಿದರು. ಕೊಹಿಮಾದಿಂದ ಸುಮಾರು 20 ಕಿಲೋಮೀಟರ್ ದೂರದ ಖೊನೊಮಾ ಅಂಗಾಮಿ ನಾಗಾಗಳ ಊರು. 1879ರ ಅಕ್ಟೋಬರಿನಲ್ಲಿ ಡಾಮಂಟ್ ಅನ್ನೋ ಬ್ರಿಟಿಷ್ ಅಧಿಕಾರಿ ಪಡೆ ಕಟ್ಟಿಕೊಂಡು ಅಲ್ಲಿಗೆ ಹೋದ. ಊರ ಬಾಗಿಲಲ್ಲೇ ಅವನನ್ನು ಕೊಂದರು. ನವೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಊರಿಗೆ ಮುತ್ತಿಗೆ ಹಾಕಿತು. ಜನ ಇನ್ನೂ ಮೇಲಿನ ಕೋಟೆಗೆ ಹೋಗಿ ಪಟ್ಟು ಹಿಡಿದು ಕೂತರು. 1880ರ ಮಾರ್ಚಿಗೆ ಒಪ್ಪಂದವಾಯ್ತು. ಮುಂದೆ ನಾಗಾ ರಾಷ್ಟ್ರೀಯ ಚಳವಳಿಯ ನಾಯಕನಾದ ಫಿಜೋ ಕೂಡ ಇದೇ ಊರಿನವನು.

1963ರಲ್ಲಿ ನಾಗಾಲ್ಯಾಂಡ್ ರಾಜ್ಯವಾಯ್ತು. ಸಂವಿಧಾನಕ್ಕೆ 371ಎ ವಿಧಿ ಸೇರಿಸುವ ತಿದ್ದುಪಡಿ ಅದರ ಹಿಂದಿನ ವರ್ಷವೇ ಆಗಿತ್ತು. ನಮ್ಮ ಕಲ್ಯಾಣ ಕರ್ನಾಟಕದ 371ಜೆ ಗೊತ್ತಲ್ಲ, ಅದರ ಅಣ್ಣ ಅಂದ್ಕೊಳ್ಳಿ. ನಮ್ಮದು ಓದು, ನೌಕರಿ, ಅಭಿವೃದ್ಧಿಯ ಮಾತಾಡುತ್ತೆ. ಅವರದ್ದು ನೆಲ ಮತ್ತು ಸಂಪ್ರದಾಯದ ಮಾತಾಡುತ್ತೆ: ಅಲ್ಲಿನ ವಿಧಾನಸಭೆ ಒಪ್ಪದೆ ನಾಗಾ ಜನರ ಭೂಮಿಯ ಒಡೆತನ, ವರ್ಗಾವಣೆಗೆ ಸಂಸತ್ತಿನ ಕಾನೂನು ಅನ್ವಯಿಸೋದಿಲ್ಲ.

ಈ ಹಿನ್ನೆಲೆ ಗೊತ್ತಿದ್ರೆ ಮುಂದಿನದ್ದು ಅರ್ಥ ಆಗುತ್ತೆ. ಬ್ಲೈತ್ಸ್ ಟ್ರಾಗೋಪಾನ್ ಅಂತ ಕೆಂಪು ಕುತ್ತಿಗೆಯ, ಕಾಡುಕೋಳಿಯ ಸಂಬಂಧಿಯಾದ ಒಂದು ಹಕ್ಕಿಯಿದೆ, ನಾಗಾಲ್ಯಾಂಡಿನ ರಾಜ್ಯಪಕ್ಷಿ. ಬೇಟೆಯ ದೆಸೆಯಿಂದ ಅದು ಅಳಿಯೋ ಹಂತಕ್ಕೆ ಬಂದಿತ್ತು. 1998ರಲ್ಲಿ ಖೊನೊಮಾದವರು ತಾವೇ ಕೂತು ಮಾತಾಡಿ, ತಮ್ಮ ಕಾಡಿನ ಸುಮಾರು 20 ಚದರ ಕಿಲೋಮೀಟರನ್ನು ಸಂರಕ್ಷಿತ ಅಂತ ಸಾರಿದರು. ಬೇಟೆ ನಿಲ್ಲಿಸಿದರು. ಬೇಟೆ ಅಲ್ಲಿ ಬರೀ ಊಟವಲ್ಲ, ಗಂಡಸಿನ ಗೌರವ; ಹಾಗಾಗಿ ಇದು ಸಣ್ಣ ತೀರ್ಮಾನವಲ್ಲ. ಅರಣ್ಯ ಇಲಾಖೆ ಬಂದು ಬೋರ್ಡು ನೆಟ್ಟಿದ್ದರೆ ಯಾರು ಕೇಳುತ್ತಿದ್ದರೋ! ಕಾಡು ಊರಿನದೇ ಆದ್ದರಿಂದ ಊರಿನ ಮಾತು ನಡೀತು.

ಪ್ರವಾಸಿಗರು ಬಂದದ್ದು ಇದರ ನಂತರ. ಉಳಿಯೋಕೆ ಊರಿನವರದೇ ಮನೆ, ದಾರಿ ತೋರಿಸೋಕೆ ಊರಿನವರೇ. ನೋಡೋಕೆ ಮೆಟ್ಟಿಲು ಗದ್ದೆಗಳು, ಆಲ್ಡರ್ ಮರಗಳಿವೆ. ಆ ಮರವನ್ನು ಬುಡಸಮೇತ ಕಡಿಯೋಲ್ಲ, ಆಳೆತ್ತರ ಬಿಟ್ಟು ತಲೆ ಸವರುತ್ತಾರೆ. ಮತ್ತೆ ಚಿಗುರುತ್ತೆ, ಬೇರು ಮಣ್ಣಿಗೆ ಸಾರಜನಕ ಕೊಡುತ್ತೆ. ಇದನ್ನು ಪ್ರವಾಸಿಗರಿಗೆ ಅಂತ ಯಾರೂ ಮಾಡಿದ್ದಲ್ಲ.

ಹಾಗಂತ ಎಲ್ಲಾ ಚೆಂದ ಅಂತೇನಿಲ್ಲ. 2017ರಲ್ಲಿ ನಾಗಾಲ್ಯಾಂಡಿನ ಪಟ್ಟಣಗಳ ಆಡಳಿತದಲ್ಲಿ ಹೆಂಗಸರಿಗೆ ಶೇಕಡಾ 33 ಮೀಸಲು ಕೊಡಬಾರದು ಅಂತ ಗಲಾಟೆ ಮಾಡಿದವರು ಹಿಡಿದದ್ದೂ ಇದೇ 371ಎ. ಆ ಮೀಸಲಾತಿಯ ಚುನಾವಣೆ ನಡೆದದ್ದು 2024ರಲ್ಲಿ. ಊರಿನ ಕೈಲಿ ಅಧಿಕಾರ ಇದೆ ಅಂದ್ರೆ ಊರಿನ ಎಲ್ಲರ ಕೈಲೂ ಇದೆ ಅಂತಲ್ಲ.

ಆದ್ರೂ ಮಲೆನಾಡಿನ ಹಳ್ಳಿಯಲ್ಲಿ ಬೆಳೆದ ನನಗೆ ಆ ಊರಿನ ಕಡೆ ನೋಡಿದ್ರೆ ಹೊಟ್ಟೆಕಿಚ್ಚು. ನಮ್ಮಲ್ಲಿ 2020ರ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಹೊಲ, ತೋಟ ಕೊಳ್ಳಬಹುದು. ಮಾರೋ ರೈತನಿಗೆ ಒಳ್ಳೇ ರೇಟು ಸಿಕ್ಕಿದ್ರೆ ಬೇಡ ಅನ್ನೋಕೆ ನಾನ್ಯಾರು? ಆದ್ರೆ ಗುಡ್ಡದ ನೆತ್ತಿ ಮೇಲೆ ರೆಸಾರ್ಟು ಎದ್ದು, ಕೆಳಗಿನ ಹಳ್ಳದ ನೀರು ಕಡಿಮೆಯಾದಾಗ ಊರಿನವರು ಯಾರ ಬಾಗಿಲು ತಟ್ಟಬೇಕು? ಮಾಲೀಕರು ಇರೋದು ಬೆಂಗಳೂರಲ್ಲಿ.

ಪ್ಲಾಸ್ಟಿಕ್ ಬಾಟಲಿ ಬೇಡ, ಡಿಜೆ ಬೇಡ ಅನ್ನೋದೆಲ್ಲ ಸರಿಯೇ. ಮುಂದಿನ ವೀಕೆಂಡಿಗೆ ಹೋಂಸ್ಟೇ ಬುಕ್ ಮಾಡುವಾಗ ಇನ್ನೊಂದು ಮಾತೂ ಕೇಳಿ ನೋಡಿ: ಈ ಜಾಗ ಯಾರದ್ದು, ಊಟಕ್ಕೆ ಬಡಿಸೋರು ಮನೆಯವರೋ ಸಂಬಳಕ್ಕಿರೋರೋ?