ನೀಲಿ ಬಿಲ್ಲೆ, ಕಿತ್ತಳೆ ಬಿಲ್ಲೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಡ್ಮಂಡ್ ಪಟ್ಟಣದಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ಮುಖ್ಯ ಕಚೇರಿಯಿದೆ. 1990ರ ದಶಕದಲ್ಲಿ ಅಲ್ಲಿ ಅಕ್ಕಪಕ್ಕದಲ್ಲಿ ಕುಳಿತು, ಒಬ್ಬನೇ ಮೇಲಧಿಕಾರಿಯ ಕೈಕೆಳಗೆ, ಒಂದೇ ಬಗೆಯ ಕೆಲಸ ಮಾಡುತ್ತಿದ್ದ ಇಬ್ಬರನ್ನು ಬೇರೆಬೇರೆಯಾಗಿ ಗುರುತಿಸುವುದು ಬಹಳ ಸುಲಭವಾಗಿತ್ತು. ಖಾಯಂ ನೌಕರನ ಗುರುತಿನ ಬಿಲ್ಲೆ ನೀಲಿ ಬಣ್ಣದ್ದು. ಹಂಗಾಮಿ ನೌಕರನದು ಕಿತ್ತಳೆ ಬಣ್ಣದ್ದು. ಇ-ಮೇಲ್ ವಿಳಾಸದಲ್ಲೂ ಹಂಗಾಮಿಯ ಹೆಸರಿನ ಹಿಂದೆ ಒಂದು 'ಎ' ಅಕ್ಷರ, ಒಂದು ಅಡ್ಡಗೆರೆ. ಪತ್ರ ತೆರೆಯುವ ಮೊದಲೇ ಬರೆದವನು ಯಾವ ಪಂಕ್ತಿಯವನೆಂದು ತಿಳಿಯುತ್ತಿತ್ತು. ಪಂಕ್ತಿಭೇದದ ಪರಿಚಯ ಚೆನ್ನಾಗಿಯೇ ಇರುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೈಕ್ರೋಸಾಫ್ಟ್ ಎಂದೊಡನೆ ನೆನಪಾಗುವುದು ಸಿರಿವಂತರಾದ ನೌಕರರ ಕಥೆ. 1986ರ ಮಾರ್ಚ್ 13ರಂದು ಕಂಪೆನಿಯ ಷೇರು 21 ಡಾಲರ್ ಬೆಲೆಗೆ ಸಾರ್ವಜನಿಕರಿಗೆ ದೊರೆಯಿತು. ಮುಂದಿನ ವರ್ಷಗಳಲ್ಲಿ ಅದು ಏರಿದ ಪರಿಗೆ ಸಂಬಳದ ಜೊತೆ ಷೇರು ಪಡೆದಿದ್ದ ಎಷ್ಟೋ ಮಂದಿ ನಡುವಯಸ್ಸಿಗೆ ಮುಂಚೆಯೇ ಲಕ್ಷಾಧೀಶರಾದರು. ಆದರೆ ಅದೇ ಕಟ್ಟಡದಲ್ಲಿ, ಅದೇ ಅವಧಿಯಲ್ಲಿ ಇನ್ನೊಂದು ಕಥೆಯೂ ನಡೆಯುತ್ತಿತ್ತು.

ಸಾಫ್ಟ್‌ವೇರ್ ಸಿದ್ಧವಾಗಲು ಪ್ರೋಗ್ರಾಂ ಬರೆಯುವವರಷ್ಟೇ ಸಾಲದು. ಅದರಲ್ಲಿ ತಪ್ಪು ಹುಡುಕುವ ಪರೀಕ್ಷಕರು ಬೇಕು. ಬಳಕೆಯ ಕೈಪಿಡಿಗಳನ್ನು ತಿದ್ದುವವರು, ಕರಡಚ್ಚು ನೋಡುವವರು, ಪದಸೂಚಿ ತಯಾರಿಸುವವರು ಬೇಕು. 1980ರ ದಶಕದಲ್ಲಿ ಮೈಕ್ರೋಸಾಫ್ಟ್ ಇಂಥ ಕೆಲಸಗಳಿಗೆ ಅನೇಕರನ್ನು 'ಸ್ವತಂತ್ರ ಗುತ್ತಿಗೆದಾರ'ರೆಂದು ತೆಗೆದುಕೊಂಡಿತು. ತಾನು ನೌಕರನಲ್ಲ, ತನ್ನ ತೆರಿಗೆ, ವಿಮೆ ಎಲ್ಲವೂ ತನ್ನದೇ ಹೊಣೆ ಎಂಬ ಪತ್ರಕ್ಕೆ ಅವರು ಸಹಿ ಹಾಕಬೇಕಿತ್ತು. ಸಂಬಳ ಬಟವಾಡೆ ಮಾಡುವ ವಿಭಾಗದಿಂದ ಅವರಿಗೆ ಹಣ ಬರುತ್ತಿರಲಿಲ್ಲ. ಕಾಗದ ಪೂರೈಸಿದ ವ್ಯಾಪಾರಿ ಬಿಲ್ಲು ಕಳಿಸುವಂತೆ ಇವರೂ ತಮ್ಮ ದುಡಿಮೆಗೆ ಬಿಲ್ಲು ಕಳಿಸಬೇಕು. ಗಂಟೆಯ ಲೆಕ್ಕದಲ್ಲಿ ಕೂಲಿ ತುಸು ಹೆಚ್ಚೇ ಸಿಗುತ್ತಿತ್ತೆನ್ನುವುದು ನಿಜ. ಆದರೆ ರಜೆ, ಆರೋಗ್ಯ ವಿಮೆ, ಷೇರು ಇವ್ಯಾವುವೂ ಇಲ್ಲ. ಕಂಪೆನಿಯ ಅಧಿಕೃತ ಸಮಾರಂಭಗಳಿಗೂ ಕರೆಯಿಲ್ಲ.

ಈ ಏರ್ಪಾಟು ಮೊದಲು ಕಣ್ಣಿಗೆ ಬಿದ್ದದ್ದು ಕಾರ್ಮಿಕ ಸಂಘಗಳಿಗಲ್ಲ, ತೆರಿಗೆ ಇಲಾಖೆಗೆ. ಅಮೆರಿಕದಲ್ಲಿ ಮಾಲೀಕನು ನೌಕರನ ಸಂಬಳದಿಂದಲೇ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಸಾಮಾಜಿಕ ಭದ್ರತೆಯ ನಿಧಿಗೆ ತನ್ನ ಪಾಲನ್ನೂ ಸೇರಿಸಬೇಕು. ಗುತ್ತಿಗೆದಾರನ ವಿಷಯದಲ್ಲಿ ಈ ಹೊರೆ ಇಲ್ಲ. ಹಾಗಾದರೆ ನೌಕರ ಯಾರು, ಗುತ್ತಿಗೆದಾರ ಯಾರು? ಇದಕ್ಕೆ ಕಾನೂನಿನಲ್ಲಿ ಹಳೆಯದೊಂದು ಒರೆಗಲ್ಲಿದೆ. ಕೆಲಸವನ್ನು ಹೇಗೆ, ಯಾವಾಗ, ಎಲ್ಲಿ ಮಾಡಬೇಕೆಂದು ನಿರ್ಧರಿಸುವವರು ಯಾರು? ಸಲಕರಣೆ ಯಾರದು? ನಿಮ್ಮ ಮನೆಗೆ ಬಣ್ಣ ಬಳಿಯಲು ಬಂದವನು ತನ್ನ ಕುಂಚ ತಂದು, ತನ್ನ ವೇಳೆಗೆ ಬಂದು, ಕೆಲಸ ಮುಗಿಸಿ ಹೋದರೆ ಅವನು ಗುತ್ತಿಗೆದಾರ. ನಿಮ್ಮ ಕುಂಚ ಹಿಡಿದು, ನೀವು ಹೇಳಿದ ಹೊತ್ತಿಗೆ, ನಿಮ್ಮ ಕಣ್ಣೆದುರಿನಲ್ಲಿ ವರ್ಷಗಟ್ಟಲೆ ದುಡಿದರೆ ಅವನನ್ನು ಏನೆಂದು ಕರೆಯುವುದು? ಮೈಕ್ರೋಸಾಫ್ಟಿನ ಈ ಜನ ಕಂಪೆನಿಯ ಕೊಠಡಿಯಲ್ಲಿ, ಕಂಪೆನಿಯ ಕಂಪ್ಯೂಟರಿನಲ್ಲಿ, ಕಂಪೆನಿಯ ಅಧಿಕಾರಿಗಳ ಆಜ್ಞೆಯಂತೆ ದುಡಿಯುತ್ತಿದ್ದರು. ಇವರು ನೌಕರರೇ ಎಂದು 1990ರ ಹೊತ್ತಿಗೆ ತೆರಿಗೆ ಇಲಾಖೆ ತೀರ್ಮಾನಿಸಿತು.

ಕಂಪೆನಿ ವಾದಕ್ಕಿಳಿಯದೆ ಬಾಕಿ ತೆರಿಗೆ ಕಟ್ಟಿತು. ಹೆಚ್ಚುವರಿ ದುಡಿಮೆಯ ಕೂಲಿಯನ್ನೂ ಕೊಟ್ಟಿತು. ಕೆಲವರನ್ನು ಖಾಯಂ ಮಾಡಿತು. ಉಳಿದವರಿಗೆ, ನೌಕರರನ್ನು ಒದಗಿಸುವ ಏಜೆನ್ಸಿಯ ಮೂಲಕ ಬಂದರೆ ಕೆಲಸ ಉಂಟು, ಇಲ್ಲವಾದರೆ ಇಲ್ಲ ಎಂದಿತು. ಅತ್ತ ದರಿ, ಇತ್ತ ಪುಲಿ. ಬಹುಮಂದಿ ಏಜೆನ್ಸಿಗೆ ಹೆಸರು ಬರೆಸಿ ಮತ್ತೆ ಅದೇ ಕುರ್ಚಿಗೆ ಬಂದು ಕುಳಿತರು. ವರ್ಷಗಳು ಉರುಳಿದರೂ ಹಂಗಾಮಿಯಾಗಿಯೇ ಉಳಿದ ಇವರಿಗೆ 'ಪರ್ಮಾಟೆಂಪ್' ಎಂಬ ಅಡ್ಡಹೆಸರು ಬಂತು. ಖಾಯಂ ಹಂಗಾಮಿ ಎಂದು ಅದರ ಅರ್ಥ.

1992ರಲ್ಲಿ ಇವರಲ್ಲಿ ಎಂಟು ಮಂದಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರು ಕೇಳಿದ್ದರಲ್ಲಿ ಮುಖ್ಯವಾದದ್ದು ನೌಕರರ ಷೇರು ಖರೀದಿ ಯೋಜನೆಯಲ್ಲಿ ಪಾಲು. ಆರು ತಿಂಗಳ ಅವಧಿಯ ಮೊದಲ ದಿನದ ಬೆಲೆ, ಕೊನೆಯ ದಿನದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಶೇ. 15ರ ರಿಯಾಯಿತಿಯಲ್ಲಿ ನೌಕರನು ಷೇರು ಕೊಳ್ಳಬಹುದಿತ್ತು. 100 ಡಾಲರಿನ ಷೇರು ಆರು ತಿಂಗಳಲ್ಲಿ 140 ಆಯಿತೆನ್ನಿ. ನೌಕರನಿಗೆ ಅದು 85ಕ್ಕೇ ದಕ್ಕುತ್ತದೆ. ಆ ದಶಕದ ಮೈಕ್ರೋಸಾಫ್ಟಿನಲ್ಲಿ ಇದು ಸಣ್ಣ ಮಾತಲ್ಲ. ಇಂಥ ಯೋಜನೆಗೆ ತೆರಿಗೆಯ ಸವಲತ್ತು ಬೇಕಾದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಅದು ಎಲ್ಲ ನೌಕರರಿಗೂ ತೆರೆದಿರಬೇಕೆಂದು ಕಾನೂನು ಹೇಳುತ್ತಿತ್ತು. ಕಂಪೆನಿ ಸಿಕ್ಕಿಬಿದ್ದದ್ದು ಇಲ್ಲಿ.

ಅವರೇ ಓದಿ ಸಹಿ ಹಾಕಿದ್ದಾರಲ್ಲ, ಹೆಚ್ಚಿನ ಕೂಲಿಯನ್ನೂ ಪಡೆದಿದ್ದಾರಲ್ಲ ಎಂಬುದು ಕಂಪೆನಿಯ ವಾದ. ಇದು ತಳ್ಳಿಹಾಕುವಂಥ ವಾದವಲ್ಲ. ಕೊಟ್ಟ ಮಾತಿಗೆ ಬೆಲೆಯಿಲ್ಲದಿದ್ದರೆ ವ್ಯವಹಾರವೇ ನಡೆಯದು. ಆದರೆ ಮೇಲ್ಮನವಿ ನ್ಯಾಯಾಲಯ 1996ರಲ್ಲಿ, ಮತ್ತೆ ವಿಸ್ತೃತ ಪೀಠದ ಮುಂದೆ 1997ರಲ್ಲಿ, ದುಡಿದವರ ಕಡೆಗೇ ನಿಂತಿತು. ಆಳನ್ನು ಆಳಲ್ಲ ಎಂದು ಕಾಗದದಲ್ಲಿ ಬರೆದ ಮಾತ್ರಕ್ಕೆ ಅವನು ಬೇರೆಯಾಗುವುದಿಲ್ಲ ಎಂಬುದು ಅದರ ತಿರುಳು. ಏಜೆನ್ಸಿಯ ಮೂಲಕ ಬಂದವರೂ ಮೈಕ್ರೋಸಾಫ್ಟಿನ ನೌಕರರಾಗಿರಬಲ್ಲರು ಎಂದು 1999ರಲ್ಲಿ ಅದು ಹೇಳಿತು. 2000ದ ಡಿಸೆಂಬರಿನಲ್ಲಿ ಕಂಪೆನಿ 9 ಕೋಟಿ 70 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಎಂಟು ಮಂದಿ ಹೂಡಿದ ದಾವೆಯ ಫಲ ಸಾವಿರಾರು ಜನರಿಗೆ ಸಂದಿತು.

ಇಲ್ಲಿಗೆ ಕಥೆ ಸುಖಾಂತವಾಯಿತೇ? ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಮಾತಿದೆಯಲ್ಲ, ಹಾಗಾಯಿತು. ಒಂದು ವರ್ಷ ದುಡಿದ ಹಂಗಾಮಿ ನೌಕರ 100 ದಿನ ಹೊರಗಿದ್ದು ಆಮೇಲಷ್ಟೇ ಮರಳಬೇಕೆಂದು 2000ದಲ್ಲಿ ಕಂಪೆನಿ ನಿಯಮ ಮಾಡಿತು. ದೀರ್ಘಕಾಲ ಇದ್ದರೆ ತಾನೇ ನೌಕರನೆಂಬ ಹಕ್ಕು? 2014ರಲ್ಲಿ ಈ ಲೆಕ್ಕ 18 ತಿಂಗಳ ದುಡಿಮೆ, ಆರು ತಿಂಗಳ ವನವಾಸ ಎಂದು ಬದಲಾಯಿತು. ಹಕ್ಕು ಕೇಳಿದವರಿಗೆ ಪರಿಹಾರ ಸಿಕ್ಕಿತು; ಅವರ ಹಿಂದೆ ಬಂದವರಿಗೆ ಕಡ್ಡಾಯ ನಿರುದ್ಯೋಗ ಸಿಕ್ಕಿತು. ಆದರೂ ಒಂದಿಷ್ಟು ಸುಧಾರಣೆಯೂ ಆಯಿತೆನ್ನಬೇಕು. ತನಗೆ ಜನರನ್ನು ಒದಗಿಸುವ ದೊಡ್ಡ ಸಂಸ್ಥೆಗಳು ಅವರಿಗೆ ವರ್ಷಕ್ಕೆ 15 ದಿನ ಸಂಬಳ ಸಹಿತ ರಜೆ ಕೊಡಲೇಬೇಕೆಂದು 2015ರಲ್ಲಿ ಮೈಕ್ರೋಸಾಫ್ಟ್ ಷರತ್ತು ಹಾಕಿತು.

ಕರ್ನಾಟಕಕ್ಕೆ ಈ ಪ್ರಶ್ನೆ ಹೊಸದಲ್ಲ. ರೆಡ್ಮಂಡಿನ ಜನ ನೌಕರರೆಂದು ತೀರ್ಮಾನವಾದ ಹೊತ್ತಿನಲ್ಲೇ, 1990ರಲ್ಲಿ, ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ದಿನಗೂಲಿಗಳನ್ನು ಹಂತಹಂತವಾಗಿ ಖಾಯಂ ಮಾಡುವ ಯೋಜನೆಯನ್ನು ರೂಪಿಸಿತು. ಆದರೆ 2006ರಲ್ಲಿ, ನಮ್ಮದೇ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳೂ ಇದ್ದ ಉಮಾದೇವಿ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಪೀಠ ಬೇರೆಯದೇ ದಾರಿ ಹಿಡಿಯಿತು. ಹಲವು ವರ್ಷ ದುಡಿದ ಮಾತ್ರಕ್ಕೆ ಸರ್ಕಾರಿ ಹುದ್ದೆ ಹಕ್ಕಾಗುವುದಿಲ್ಲ, ಹಾಗಾದರೆ ಅರ್ಜಿ ಹಾಕಲು ಅವಕಾಶವೇ ಸಿಗದ ಇತರರಿಗೆ ಅನ್ಯಾಯವಾಗುತ್ತದೆ ಎಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಒಂದು ಸಲದ ವಿನಾಯಿತಿ ಮಾತ್ರ ಇತ್ತಿತು. ಎರಡು ವಾದಗಳಲ್ಲೂ ನ್ಯಾಯದ ಅಂಶವಿದೆ, ಕಷ್ಟವಿರುವುದೇ ಅಲ್ಲಿ.

ಇಂದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿಯೂ ಒಂದು ಕಂಪೆನಿಯ ಸಂಬಳ ಪಡೆದು ಇನ್ನೊಂದು ಕಂಪೆನಿಯ ಕುರ್ಚಿಯಲ್ಲಿ ದುಡಿಯುವವರು ಸಾಕಷ್ಟಿದ್ದಾರೆ. ಕಂಪೆನಿಗಳಿಗೆ ಹಂಗಾಮಿ ಕೈಗಳು ಬೇಕಾಗುವ ಕಾಲ ಇದ್ದೇ ಇರುತ್ತದೆ. ಸುಗ್ಗಿಗೆ ಆಳು ಕರೆಯುವುದು ತಪ್ಪಲ್ಲ. ಆದರೆ ಸುಗ್ಗಿ ವರ್ಷಪೂರ್ತಿ ನಡೆಯುತ್ತಿದ್ದರೆ ಅದನ್ನು ಸುಗ್ಗಿ ಎನ್ನಬಹುದೇ? ಆ ಎಂಟು ಮಂದಿ ನ್ಯಾಯಾಲಯದಲ್ಲಿ ಕೇಳಿದ್ದು ಇಷ್ಟನ್ನೇ.