ಗುರುಗಳಿಲ್ಲದ ವರ್ಷಗಳು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ ನಮ್ಮ ದೇವಾಲಯದಲ್ಲಿ ಸೇವೆ ಸಲ್ಲಿಸಿದ ಗುರುಗಳ ಪಟ್ಟಿಯನ್ನು ಸಿದ್ಧಪಡಿಸುವಾಗ ನಡುನಡುವೆ ಬರಿದಾದ ವರ್ಷಗಳು ಕಂಡುಬಂದವು. ಆ ಕಾಲದಲ್ಲಿ ಇಲ್ಲಿ ಗುರುಗಳು ವಾಸವಾಗಿರಲಿಲ್ಲ. ವರ್ಷಕ್ಕೆ ಕೆಲವು ಸಲ ದೂರದಿಂದ ಬಂದು ಬಲಿಪೂಜೆ ಅರ್ಪಿಸಿ ಹಿಂದಿರುಗುತ್ತಿದ್ದರು. "ಫಾದರ್, ಅಲ್ಲೊಂದು ಗೆರಿ ಹೊಡದ್ರ ಆತ್ರಿ" ಎಂದರು ಸಮಿತಿಯ ಹಿರಿಯರೊಬ್ಬರು. ಗೆರೆ ಎಳೆಯಲು ನನಗೆ ಮನಸ್ಸಾಗಲಿಲ್ಲ. ಕನ್ನಡ ನಾಡಿನ ಕ್ರೈಸ್ತ ಚರಿತ್ರೆಯಲ್ಲಿ ವಿಶ್ವಾಸವು ಅಗ್ನಿಪರೀಕ್ಷೆಗೆ ಒಳಗಾದಾಗ ಗುರುಗಳು ಅಲ್ಲಿ ಇಲ್ಲದಿದ್ದ ಸಂದರ್ಭಗಳೇ ಹೆಚ್ಚು.

ನಮ್ಮ ನೆರೆಯ ಮುದಗಲ್ಲನ್ನೇ ನೋಡಿರಿ. ಇಳಕಲ್ಲಿನಿಂದ ಅದೇನೂ ಬಹು ದೂರವಲ್ಲ. ಹದಿನಾರನೆಯ ಶತಮಾನದಲ್ಲಿ, ಬಿಜಾಪುರದ ಆದಿಲಶಾಹಿಗಳ ಆಳ್ವಿಕೆಯಲ್ಲಿ, ಗೋವೆಯಿಂದ ಬಂದ ಗುರುಗಳು ಅಲ್ಲಿ ಸುವಾರ್ತೆ ಸಾರಿದರು. 1557ರಷ್ಟು ಹಿಂದೆಯೇ ಅಲ್ಲಿ ದೇವಾಲಯವಿತ್ತೆಂಬುದು ಪರಂಪರೆಯ ಮಾತು. 1686ರಲ್ಲಿ ಬಿಜಾಪುರ ಮೊಗಲರ ವಶವಾಯಿತು. ಮುಂದೆ ಆ ಸೀಮೆ ನಿಜಾಮರಿಗೆ ಸೇರಿತು. ಇತ್ತ ಗೋವೆಯಲ್ಲಿ ಪೋರ್ಚುಗೀಸ್ ಆಡಳಿತವೇ 1759ರಲ್ಲಿ ಯೇಸುಸಭೆಯವರನ್ನು ಹೊರಗಟ್ಟಿತು. 1830ರ ದಶಕದಲ್ಲಿ ಉಳಿದ ಸಂನ್ಯಾಸಿ ಸಭೆಗಳನ್ನೂ ರದ್ದುಗೊಳಿಸಿತು. ಗುರುಗಳು ಬರುತ್ತಿದ್ದ ಒರತೆಯೇ ಬತ್ತಿತು. ಆದರೂ ಮುದಗಲ್ಲಿನ ಕ್ರೈಸ್ತ ಮನೆತನಗಳು ಅಳಿಯಲಿಲ್ಲ.

ಕರಾವಳಿಯ ಕಥೆ ಇನ್ನೂ ಕಠಿಣವಾದುದು. ಇಂಗ್ಲಿಷರಿಗೆ ನೆರವಾದರೆಂಬ ಸಂದೇಹದಿಂದ ಟಿಪ್ಪು ಸುಲ್ತಾನನು 1784ರಲ್ಲಿ ಕೆನರಾದ ಕಥೋಲಿಕರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಬಂಧನ ನಡೆದದ್ದು ಬೂದಿ ಬುಧವಾರದಂದು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಸೆರೆಯಾದವರ ಸಂಖ್ಯೆಯನ್ನು ಕೆಲವರು 30,000 ಎಂದರೆ ಕೆಲವರು 60,000 ಎನ್ನುತ್ತಾರೆ. ಕಡಿಮೆ ಲೆಕ್ಕವನ್ನೇ ಹಿಡಿದರೂ ಎದೆ ನಡುಗುತ್ತದೆ. ಹಸಿವು, ಆಯಾಸ, ರೋಗಗಳಿಂದ ಅನೇಕರು ದಾರಿಯಲ್ಲಿಯೇ ಮಡಿದರು. ದೇವಾಲಯಗಳು ನೆಲಸಮವಾದವು, ಗುರುಗಳು ಗಡೀಪಾರಾದರು. ಹದಿನೈದು ವರ್ಷಗಳ ಆ ಸೆರೆಯಲ್ಲಿ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸಾಯುವವರಿಗೆ ಅಂತ್ಯಾಭ್ಯಂಗವಿಲ್ಲ. ಉಳಿದದ್ದು ಕಂಠಪಾಠವಾಗಿದ್ದ ಜಪಗಳು ಮಾತ್ರ. ಆಪತ್ಕಾಲದಲ್ಲಿ ಯಾರಾದರೂ ನೀರು ಹೊಯ್ದು, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಜ್ಞಾನಸ್ನಾನ ಕೊಡಬಹುದೆಂಬುದು ಧರ್ಮಸಭೆಯ ಬೋಧನೆ. ನಾವು ಸೆಮಿನರಿಯಲ್ಲಿ ಪರೀಕ್ಷೆಗಾಗಿ ಓದಿದ ಆ ಪಾಠವೊಂದೇ ಸೆರೆಯಲ್ಲಿ ಹುಟ್ಟಿದ ಕೂಸುಗಳಿಗೆ ಉಳಿದಿದ್ದ ದಾರಿ.

ಎಲ್ಲರೂ ಅಚಲರಾಗಿ ನಿಂತರೆಂದು ಬರೆದರೆ ಸತ್ಯಕ್ಕೆ ದ್ರೋಹವಾದೀತು. ಬಲವಂತಕ್ಕೆ, ಭಯಕ್ಕೆ, ಮಕ್ಕಳ ಹಸಿವಿಗೆ ಮಣಿದವರೂ ಬಹಳ ಮಂದಿ. 1799ರ ಮೇ 4ರಂದು ಪಟ್ಟಣ ಬಿದ್ದ ಬಳಿಕ ಫ್ರಾನ್ಸ್ ದೇಶದ ಗುರು ಅಬ್ಬೆ ದುಬೋಯಿ ಅಲ್ಲಿಗೆ ಬಂದು, ಅಂಥವರನ್ನು ಮತ್ತೆ ಸಭೆಗೆ ಬರಮಾಡಿಕೊಂಡರು. ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ರಕ್ತಸಾಕ್ಷಿಗಳ ಚರಿತ್ರೆಯನ್ನು ನಮಗೆ ಹೇರಳವಾಗಿ ಕಲಿಸಲಾಯಿತು. ಸೋತು, ನಾಚಿ, ಮರಳಿ ಬಾಗಿಲು ತಟ್ಟಿದವರ ಚರಿತ್ರೆಯನ್ನು ಯಾರೂ ಅಷ್ಟಾಗಿ ಕಲಿಸಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಪಾಪನಿವೇದನೆ ಕೇಳಿದ ನನಗೆ ಆ ಎರಡನೆಯವರೇ ಹೆಚ್ಚು ಪರಿಚಿತರು.

ಇದನ್ನು ಯಾವ ಮತದವರ ಮೇಲಿನ ಹಗೆಯಿಂದಲೂ ಬರೆಯುತ್ತಿಲ್ಲ. ಅದೇ 1784ರಲ್ಲಿ ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನ ದೇವಾಲಯ ಉಳಿದುಕೊಂಡದ್ದು ಜೈನನಾದ ಚೌಟ ಅರಸನ ನಡುವಸ್ತಿಕೆಯಿಂದ.

ಇನ್ನು ನಮ್ಮ ಸೀಮೆಗೆ ಬರೋಣ. ಇಲ್ಲಿಯ ಪರೀಕ್ಷೆಯ ಹೆಸರು ಬರಗಾಲ. 1876ರಲ್ಲಿ ಮಳೆ ಕೈಕೊಟ್ಟಾಗ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷವಿದ್ದ ಆ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 6 ಲಕ್ಷ 30 ಸಾವಿರದ ಆಸುಪಾಸಿಗೆ ಇಳಿದಿತ್ತು. ಸತ್ತವರೆಷ್ಟೋ, ಗುಳೆ ಹೋದವರೆಷ್ಟೋ. ಬರಗಾಲದ ಪೆಟ್ಟು ನೇಕಾರನಿಗೆ ಮೊದಲು ತಗಲುತ್ತದೆ. ಮನೆಯಲ್ಲಿ ಜೋಳವಿಲ್ಲದವರು ಇಳಕಲ್ಲಿನ ಸೀರೆ ಕೊಳ್ಳುವರೇ? ಆ ದಿನಗಳಲ್ಲಿ ದಕ್ಷಿಣ ಭಾರತದ ಅನೇಕ ಕಡೆಗಳಲ್ಲಿ ಮಿಶನರಿಗಳು ಅನಾಥ ಮಕ್ಕಳನ್ನು ಸಾಕಿದರು, ಹಸಿದವರಿಗೆ ಗಂಜಿ ಹಾಕಿದರು, ಅನೇಕರು ಕ್ರೈಸ್ತರಾದರು. ಗಂಜಿಗಾಗಿ ಬಂದವರೆಂಬ ಮೂದಲಿಕೆ ಅವರ ಮೊಮ್ಮಕ್ಕಳ ತನಕ ಬೆನ್ನು ಹತ್ತಿತು. ಹಸಿವಿನಿಂದ ಬಂದವರೂ ಇದ್ದರು, ನಿಜ. ಆದರೆ ಮಳೆ ಮರಳಿ, ಗಂಜಿಯ ಕೊಪ್ಪರಿಗೆ ಇಳಿದ ಮೇಲೂ ಅವರಲ್ಲಿ ಬಹಳ ಮಂದಿ ಏಕೆ ಉಳಿದರು ಎಂದು ಮೂದಲಿಸುವವರು ಕೇಳುವುದಿಲ್ಲ.

ನಮ್ಮ ಧರ್ಮಕೇಂದ್ರವು ಕಣ್ತೆರೆದ ಕಾಲವೂ ಸುಗಮವಾಗಿರಲಿಲ್ಲ. 1953ರಲ್ಲಿ ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾಗುವ ಮುನ್ನ ಈ ಭಾಗ ಪುಣೆಗೆ ಸೇರಿತ್ತು. ಪುಣೆಯ ಮಿಶನ್ನನ್ನು ನಡೆಸುತ್ತಿದ್ದವರು ಜರ್ಮನ್ ಯೇಸುಸಭೆಯ ಗುರುಗಳು. 1914ರಲ್ಲಿ ಮಹಾಯುದ್ಧ ಆರಂಭವಾದ ಮೇಲೆ ಸರಕಾರ ಅವರಲ್ಲಿ ಅನೇಕರನ್ನು ಬಂಧನದಲ್ಲಿರಿಸಿ ಸ್ವದೇಶಕ್ಕೆ ಕಳುಹಿಸಿತು. 1907ರಿಂದ ಧರ್ಮಾಧ್ಯಕ್ಷರಾಗಿದ್ದ ಹೆನ್ರಿ ಡೋರಿಂಗ್‌ರವರು 1921ರಲ್ಲಿ ಜಪಾನಿನ ಹಿರೋಶಿಮಾಕ್ಕೆ ನೇಮಕಗೊಂಡರು. ಪುಣೆಗೆ ಮರಳಿದ್ದು 1927ರಲ್ಲಿ. ಅವರು ಹೋಗಿ ನೆಲೆಸಿದ ಆ ದೇಶದ ನಾಗಸಾಕಿಯಲ್ಲಿಯೇ, 1865ರ ಮಾರ್ಚ್ 17ರಂದು, ಹೊಸದಾಗಿ ಕಟ್ಟಿದ ದೇವಾಲಯಕ್ಕೆ ಕೆಲವು ಹಳ್ಳಿಗರು ಬಂದು, ತಮ್ಮ ವಿಶ್ವಾಸವೂ ಇದೇ ಎಂದು ಗುರುಗಳಿಗೆ ತಿಳಿಸಿದ್ದರು. ಇನ್ನೂರಕ್ಕೂ ಹೆಚ್ಚು ವರ್ಷ ಗುರುಗಳಿಲ್ಲದೆ, ಗುಟ್ಟಾಗಿ, ಮನೆಮನೆಗಳಲ್ಲಿ ಜ್ಞಾನಸ್ನಾನ ಕೊಟ್ಟುಕೊಂಡು ಉಳಿದಿದ್ದವರು ಅವರು.

ಪಟ್ಟಿಯ ವಿಷಯಕ್ಕೆ ಮರಳುತ್ತೇನೆ. ಬರಿದಾದ ವರ್ಷಗಳ ಮುಂದೆ "ಉಪದೇಶಿಗಳು, ತಾಯಂದಿರು ಮತ್ತು ಮನೆಮಂದಿ" ಎಂದು ಅಚ್ಚು ಹಾಕಿಸಬೇಕೆಂದು ಸಮಿತಿಯನ್ನು ಕೇಳಿಕೊಂಡೆ. ಗೆರೆ ಹೊಡೆಯಲು ಹೇಳಿದ ಹಿರಿಯರೇ ಅದಕ್ಕೆ ಮೊದಲು ಒಪ್ಪಿದರು. ಅವರ ಅಜ್ಜಿ ಆ ವರ್ಷಗಳಲ್ಲಿ ಪ್ರತಿ ಸಂಜೆ ಓಣಿಯ ಮಕ್ಕಳನ್ನು ಕೂಡಿಸಿ ಜಪಮಾಲೆ ಹೇಳಿಸುತ್ತಿದ್ದರಂತೆ.